ಬರಿದಾಗಿ ಉಳಿದ ಆಸನ: ಸೆನೆಟರ್ ಚಾರ್ಲ್ಸ್ ಸಮ್ನರನ ಬಾಳು

2021ನೆಯ ಇಸವಿಯ ಜನವರಿ 6ರಂದು, ಚುನಾವಣೆಯ ಫಲಿತಾಂಶವನ್ನು ಒಪ್ಪದ ದೊಡ್ಡ ಗುಂಪೊಂದು ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಕ್ಯಾಪಿಟಲ್ ಎಂಬ ಶಾಸನಸಭಾ ಭವನದ ಬಾಗಿಲು ಕಿಟಕಿಗಳನ್ನು ಒಡೆದು ಒಳನುಗ್ಗಿದ ಸಂಗತಿಯನ್ನು ನಮ್ಮ ವಾಚಕರು ಮರೆತಿರಲಾರರು. ಅಂದು ತೆಗೆದ ಒಂದು ಛಾಯಾಚಿತ್ರವು ಅನೇಕ ದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಸೆನೆಟ್ ಸಭಾಂಗಣದ ಹೊರಗಿನ ಮೊಗಸಾಲೆಯಲ್ಲಿ ಒಬ್ಬ ಮನುಷ್ಯನು, ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ 1861ರಲ್ಲಿ ಬಂಡೆದ್ದ ದಕ್ಷಿಣ ಸಂಸ್ಥಾನಗಳ ಬಾವುಟವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾನೆ. ಅವನ ಹಿಂದಿನ ಗೋಡೆಯಲ್ಲಿ ಎರಡು ತೈಲಚಿತ್ರಗಳಿವೆ. ಒಂದು, ಗುಲಾಮಗಿರಿಯ ಮಹಾಸಮರ್ಥಕನಾದ ಜಾನ್ ಕ್ಯಾಲ್‌ಹೂನನದು. ಇನ್ನೊಂದು ಚಾರ್ಲ್ಸ್ ಸಮ್ನರನದು. ಆ ದಿನಕ್ಕೆ ಸಮ್ನರನು ಹುಟ್ಟಿ ಸರಿಯಾಗಿ 210 ವರ್ಷಗಳು ತುಂಬಿದ್ದವು.

ಅದಾದ ಮೇಲೆಯೂ ಆ ದೇಶದ ಸುದ್ದಿ ಸುಖದ್ದಲ್ಲ. 2024ರ ಜುಲೈಯಲ್ಲಿ ಚುನಾವಣಾ ಸಭೆಯೊಂದರಲ್ಲಿ ಡೊನಾಲ್ಡ್ ಟ್ರಂಪ್ ಅವರ ಮೇಲೆ ಗುಂಡು ಹಾರಿತು. 2025ರ ಜೂನಿನಲ್ಲಿ ಮಿನೆಸೋಟ ಸಂಸ್ಥಾನದ ಶಾಸಕಿ ಮೆಲಿಸಾ ಹಾರ್ಟ್‌ಮನ್ ಅವರೂ ಅವರ ಪತಿಯೂ ತಮ್ಮ ಮನೆಯಲ್ಲಿಯೇ ಕೊಲೆಯಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎದುರು ಪಕ್ಷದ ಚಾರ್ಲಿ ಕರ್ಕ್ ಎಂಬ ತರುಣ ಭಾಷಣಕಾರರು ಯೂಟಾ ಸಂಸ್ಥಾನದಲ್ಲಿ ವಿದ್ಯಾರ್ಥಿಗಳ ನಡುವೆ ಮಾತನಾಡುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ಇದು ಈ ಕಾಲದ ಹೊಸ ರೋಗವೆಂದು ಹೇಳುವವರು ಬಹಳ ಮಂದಿ. ಸಮ್ನರನ ಬಾಳನ್ನು ಓದಿದವರು ಹಾಗೆ ಹೇಳಲಾರರೆಂದು ನಮ್ಮ ಎಣಿಕೆ.

ಸಮ್ನರನು 1811ರ ಜನವರಿ 6ರಂದು ಮಸಾಚುಸೆಟ್ಸ್ ಸಂಸ್ಥಾನದ ಬಾಸ್ಟನ್ ನಗರದಲ್ಲಿ ಹುಟ್ಟಿದನು. ತಂದೆಯು ವಕೀಲ, ಮುಂದೆ ಆ ಪ್ರಾಂತದ ಷೆರೀಫನಾದವನು, ಗುಲಾಮಗಿರಿಯನ್ನು ಒಪ್ಪದವನು. ಮಗನು ಹಾರ್ವರ್ಡಿನಲ್ಲಿ ಓದಿ, ಜೋಸೆಫ್ ಸ್ಟೋರಿ ಎಂಬ ಹೆಸರಾಂತ ನ್ಯಾಯಾಧೀಶನ ಮೆಚ್ಚಿನ ಶಿಷ್ಯನಾಗಿ, ತಾನೂ ವಕೀಲನಾದನು. ಆರಡಿಗೂ ಮೀರಿದ ಎತ್ತರ, ತುಂಬಿದ ಕಂಠ, ಪುಸ್ತಕದ ಹುಳುವಿನಂಥ ಓದು. ನಗೆಚಾಟಿಕೆಯೆಂದರೆ ಮಾತ್ರ ಅವನಿಗೆ ಅರ್ಥವೇ ಆಗುತ್ತಿರಲಿಲ್ಲವೆಂದು ಅವನನ್ನು ಬಲ್ಲವರು ಹೇಳುತ್ತಿದ್ದರು.

1837ರ ಕೊನೆಯಲ್ಲಿ ಅವನು ಯೂರೋಪಿಗೆ ಹೋದನು. ಮರುವರ್ಷದ ಜನವರಿಯಲ್ಲಿ ಪ್ಯಾರಿಸಿನ ಸೋರ್ಬಾನ್ ವಿದ್ಯಾಲಯದಲ್ಲಿ ಉಪನ್ಯಾಸ ಕೇಳಲು ಕುಳಿತಿದ್ದಾಗ, ಕೆಲವರು ಕರಿಯ ವಿದ್ಯಾರ್ಥಿಗಳು ಬಿಳಿಯರ ನಡುವೆ ನಿಸ್ಸಂಕೋಚವಾಗಿ ಕುಳಿತಿರುವುದೂ, ಅವರ ಬಣ್ಣವನ್ನು ಯಾರೂ ಲಕ್ಷಿಸದಿರುವುದೂ ಅವನ ಕಣ್ಣಿಗೆ ಬಿದ್ದಿತು. ತನ್ನ ದೇಶದಲ್ಲಿ ಬಿಳಿಯರಿಗೂ ಕರಿಯರಿಗೂ ಇರುವ ಅಂತರವು ದೇವರು ಮಾಡಿದ್ದಲ್ಲ, ಜನರು ಕಲಿಸಿ ಕಲಿತದ್ದು ಎಂಬ ಭಾವದ ಮಾತನ್ನು ಅವನು ಅಂದೇ ದಿನಚರಿಯಲ್ಲಿ ಬರೆದಿಟ್ಟನು. ಅವನ ಮುಂದಿನ ಬಾಳೆಲ್ಲ ಆ ಬರವಣಿಗೆಯ ಟೀಕೆಯೇ ಎಂದರೆ ತಪ್ಪಾಗದು.

1849ರಲ್ಲಿ ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಕರಿಯ ಬಾಲಿಕೆಯ ಮೊಕದ್ದಮೆ ಅವನ ಕೈಗೆ ಬಂದಿತು. ಆ ಮಗುವು ಬಿಳಿಯ ಮಕ್ಕಳ ಐದು ಶಾಲೆಗಳನ್ನು ದಾಟಿ ಕರಿಯರ ಶಾಲೆಗೆ ನಡೆದು ಹೋಗಬೇಕಾಗಿತ್ತು. ರಾಬರ್ಟ್ ಮಾರಿಸ್ ಎಂಬ ಕರಿಯ ವಕೀಲನೊಡನೆ ಸಮ್ನರನು ವಾದಿಸಿದನು, ಸೋತನು. ಆ ತೀರ್ಪನ್ನೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ಆಧಾರವಾಗಿ ಎತ್ತಿಕೊಂಡಿತು. 1954ರಲ್ಲಿ ಅದೇ ನ್ಯಾಯಾಲಯವು ಸಮ್ನರನ ವಾದಕ್ಕೆ ಹತ್ತಿರವಾದ ಮಾತನ್ನು ಹೇಳಿತು. ಮಸಾಚುಸೆಟ್ಸ್ ಅಷ್ಟು ಕಾಲ ಕಾಯಲಿಲ್ಲ. 1855ರಲ್ಲಿಯೇ ಕಾಯಿದೆಯ ಮೂಲಕ ಅಲ್ಲಿನ ಶಾಲೆಗಳು ಎಲ್ಲರಿಗೂ ತೆರೆದವು.

1851ರಲ್ಲಿ, ತಿಂಗಳುಗಟ್ಟಲೆ ಎಳೆದಾಡಿದ ಬಳಿಕ, ಒಂದೇ ಒಂದು ಮತದ ಬಲದಿಂದ ಸಂಸ್ಥಾನದ ಶಾಸನಸಭೆಯು ಅವನನ್ನು ಸೆನೆಟಿಗೆ ಆರಿಸಿ ಕಳುಹಿಸಿತು. ದೇಶವು ಆಗಲೇ ಎರಡಾಗಿ ಸೀಳತೊಡಗಿತ್ತು. ದಕ್ಷಿಣದಲ್ಲಿ ದುಡಿಯುತ್ತಿದ್ದ ಗುಲಾಮರ ಸಂಖ್ಯೆ ಏರುತ್ತ ಹೋಗಿ 1860ರ ವೇಳೆಗೆ ಸುಮಾರು 40 ಲಕ್ಷ ಮುಟ್ಟಿತು. ಪಶ್ಚಿಮದಲ್ಲಿ ಹೊಸದಾಗಿ ನೆಲೆಗೊಳ್ಳುತ್ತಿದ್ದ ಪ್ರಾಂತಗಳಿಗೂ ಈ ಪದ್ಧತಿ ಹಬ್ಬಬೇಕೇ ಬೇಡವೇ ಎಂಬುದು ಜಗಳದ ಮೂಲ. ಅಲ್ಲಿ ನೆಲೆಸಿದವರೇ ಅದನ್ನು ಮತದಿಂದ ತೀರ್ಮಾನಿಸಲಿ ಎಂದು 1854ರಲ್ಲಿ ಕಾನೂನು ಮಾಡಿದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ! ಆದರೆ ಕ್ಯಾನ್ಸಸ್ ಪ್ರಾಂತಕ್ಕೆ ಎರಡು ಕಡೆಯವರೂ ಬಂದೂಕು ಹಿಡಿದು ಧಾವಿಸಿದರು. ಮತಪೆಟ್ಟಿಗೆಯ ಜಾಗದಲ್ಲಿ ಮದ್ದುಗುಂಡು ಮಾತನಾಡಿತು.

1856ರ ಮೇ 19 ಮತ್ತು 20ರಂದು ಸಮ್ನರನು ಸೆನೆಟಿನಲ್ಲಿ ಕ್ಯಾನ್ಸಸ್ಸಿನ ಅನ್ಯಾಯವನ್ನು ಕುರಿತು ಭಾಷಣ ಮಾಡಿದನು. ಅದನ್ನು ಪೂರ್ತಿಯಾಗಿ ಬರೆದು ಕಂಠಪಾಠ ಮಾಡಿಕೊಂಡಿದ್ದನು. ಇಲ್ಲಿ ನಾವು ಅವನ ಪರವಾಗಿ ಮಾತ್ರ ಹೇಳಿದರೆ ಸತ್ಯಕ್ಕೆ ಎರಡು ಬಗೆದಂತಾಗುತ್ತದೆ. ವಿಷಯ ನ್ಯಾಯವಾದದ್ದು, ನಾಲಗೆ ಮಾತ್ರ ಅಂಕೆ ಮೀರಿತ್ತು. ದಕ್ಷಿಣ ಕೆರೊಲಿನದ ವೃದ್ಧ ಸೆನೆಟರ್ ಆಂಡ್ರೂ ಬಟ್ಲರನು ಅಂದು ಸಭೆಯಲ್ಲಿ ಇರಲೂ ಇಲ್ಲ. ಅವನು ಗುಲಾಮಗಿರಿಯೆಂಬ ವೇಶ್ಯೆಗೆ ಮನಸೋತ ವೀರನೆಂದು ಸಮ್ನರನು ಹಂಗಿಸಿದನು. ಕಾಯಿಲೆಯಿಂದ ತೊದಲುತ್ತಿದ್ದ ಅವನ ಮಾತನ್ನೂ ಅಣಕಿಸಿದನು. ಇಂಥ ವೈಯಕ್ತಿಕ ಚುಚ್ಚುನುಡಿಗಳನ್ನು ತೆಗೆದುಹಾಕೆಂದು ಮಿತ್ರನಾದ ಸೆನೆಟರ್ ಸೀವರ್ಡನ ಪತ್ನಿಯು ಮೊದಲೇ ಬುದ್ಧಿ ಹೇಳಿದ್ದಳು. ಅವನು ಕೇಳಲಿಲ್ಲ.

ಬಟ್ಲರನ ಬಂಧುವಾದ ಪ್ರೆಸ್ಟನ್ ಬ್ರೂಕ್ಸನು ಪ್ರತಿನಿಧಿ ಸಭೆಯ ಸದಸ್ಯನಾಗಿದ್ದನು. ತರುಣನಾಗಿದ್ದಾಗ ದ್ವಂದ್ವಯುದ್ಧವೊಂದರಲ್ಲಿ ಗುಂಡು ತಗಲಿ, ಊರುಗೋಲನ್ನು ಹಿಡಿದೇ ನಡೆಯುತ್ತಿದ್ದನು. ಅವನ ಕಡೆಯವರ ನಿಯಮದಂತೆ ದ್ವಂದ್ವಕ್ಕೆ ಕರೆಯುವುದು ಸಮಾನ ಮರ್ಯಾದೆಯವರನ್ನು ಮಾತ್ರ. ಕೀಳು ಎಣಿಸಿದವನಿಗೆ ಕೋಲಿನ ಪೆಟ್ಟು. ಮೇ 22ರಂದು ಸೆನೆಟಿನ ಕಲಾಪ ಬೇಗನೆ ಮುಗಿದಿತ್ತು. ಸಮ್ನರನು ತನ್ನ ಮೇಜಿನಲ್ಲೇ ಕುಳಿತು, ಅಚ್ಚಾದ ಭಾಷಣದ ಪ್ರತಿಗಳನ್ನು ಅಂಚೆಗೆ ಹಾಕಲು ಸಹಿ ಮಾಡುತ್ತಿದ್ದನು. ಅಲ್ಲಿದ್ದ ಹೆಂಗಸರು ಹೊರಡುವವರೆಗೂ ಬ್ರೂಕ್ಸನು ಮರ್ಯಾದಸ್ಥನಂತೆ ಕಾದು ಕುಳಿತನು. ಬಳಿಕ ಎದುರಿಗೆ ಬಂದು, ಎರಡು ಮಾತು ಆಡಿ, ಎದುರಾಳಿ ಮೇಲೇಳುವ ಮುನ್ನವೇ ಚಿನ್ನದ ಹಿಡಿಯ ಆ ಕೋಲಿನಿಂದ ತಲೆಯ ಮೇಲೆ ಬಾರಿಸತೊಡಗಿದನು. ಮೇಜನ್ನು ನೆಲಕ್ಕೆ ತಿರುಪುಗಳಿಂದ ಬಿಗಿದಿದ್ದರು. ಅದರಡಿಯಲ್ಲಿ ಸಿಕ್ಕಿಕೊಂಡಿದ್ದ ಸಮ್ನರನು ಪ್ರಾಣಸಂಕಟದಿಂದ ಎದ್ದಾಗ ಮೇಜೇ ನೆಲದಿಂದ ಕಿತ್ತುಬಂದಿತು. ರಕ್ತದಿಂದ ಕಣ್ಣು ಕಾಣದೆ ತಡವರಿಸುತ್ತಿದ್ದವನ ಮೇಲೆ ಕೋಲು ತುಂಡುತುಂಡಾದ ಮೇಲೂ ಪೆಟ್ಟುಗಳು ಬಿದ್ದವು. ಬಿಡಿಸಲು ಬಂದವರನ್ನು ಲಾರೆನ್ಸ್ ಕೀಟ್ ಎಂಬ ಇನ್ನೊಬ್ಬ ಸದಸ್ಯನು ತನ್ನ ಕೋಲೆತ್ತಿ ತಡೆದನು.

ಇಷ್ಟಕ್ಕೆ ಮುಗಿದಿದ್ದರೆ ಇದು ಒಬ್ಬ ಕೋಪಿಷ್ಠನ ಅಪರಾಧವಾಗಿ ಉಳಿಯುತ್ತಿತ್ತು. 1830ರಿಂದ 1860ರವರೆಗಿನ ಮೂವತ್ತು ವರ್ಷಗಳಲ್ಲಿ ಅಮೆರಿಕದ ಶಾಸಕರ ನಡುವೆ 70ಕ್ಕೂ ಮಿಕ್ಕಿ ಹೊಡೆದಾಟ ಬಡಿದಾಟಗಳು ನಡೆದವೆಂದು ಇತಿಹಾಸಕಾರರು ಎಣಿಸಿದ್ದಾರೆ. ಈ ಪೆಟ್ಟು ಬೇರೆಯಾದದ್ದು ಆಮೇಲಿನ ನಡವಳಿಕೆಯಿಂದ. ದಕ್ಷಿಣದ ಪತ್ರಿಕೆಗಳು ಬ್ರೂಕ್ಸನನ್ನು ಕೊಂಡಾಡಿದವು. ಊರೂರುಗಳಿಂದ ಅವನಿಗೆ ಹೊಸ ಕೋಲುಗಳು ಉಡುಗೊರೆಯಾಗಿ ಬಂದವು. ಮುರಿದ ಕೋಲಿನ ಚೂರುಗಳನ್ನು ಜನರು ಪೂಜ್ಯವಸ್ತುವಿನಂತೆ ಬೇಡುತ್ತಿದ್ದಾರೆಂದು ಅವನೇ ಸಹೋದರನಿಗೆ ಹೆಮ್ಮೆಯಿಂದ ಬರೆದನು. ನ್ಯಾಯಾಲಯವು ಅವನಿಗೆ ವಿಧಿಸಿದ ದಂಡ 300 ಡಾಲರು. ಅವನನ್ನು ಹೊರಹಾಕುವ ಠರಾವಿಗೆ ಪ್ರತಿನಿಧಿ ಸಭೆಯಲ್ಲಿ 121 ಮತಗಳು ಬಿದ್ದರೂ, 95 ಮಂದಿ ವಿರೋಧಿಸಿದ್ದರಿಂದ ಮೂರನೆಯ ಎರಡು ಪಾಲು ಕೂಡಿಬರಲಿಲ್ಲ. ಅವನು ತಾನಾಗಿ ರಾಜೀನಾಮೆಯಿತ್ತು, ಊರಿಗೆ ಹೋಗಿ, ಮತ್ತೆ ಆರಿಸಿಬಂದನು!

ಉತ್ತರದಲ್ಲಿ ಬಾಸ್ಟನ್, ನ್ಯೂಯಾರ್ಕ್ ಮೊದಲಾದ ನಗರಗಳಲ್ಲಿ ಸಾವಿರಾರು ಜನ ಸೇರಿ ಪ್ರತಿಭಟಿಸಿದರು. ಅಲ್ಲಿಯವರೆಗೆ ಗುಲಾಮಗಿರಿಯ ಗೊಡವೆ ನಮಗೇಕೆಂದು ಸುಮ್ಮನಿದ್ದವರೂ ಎದ್ದು ನಿಂತರು. ಎರಡು ವರ್ಷಗಳ ಕೂಸಾದ ರಿಪಬ್ಲಿಕನ್ ಪಕ್ಷವು ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ 11 ಸಂಸ್ಥಾನಗಳನ್ನು ಗೆದ್ದಿತು. ಇಷ್ಟಾದರೂ ಉತ್ತರದವರೆಲ್ಲ ಸಭೆ ಮತ್ತು ಮತಗಳಿಂದಲೇ ಉತ್ತರಿಸಿದರೆಂದು ಹೇಳಲಾಗದು. ಕೋಲಿನ ಪೆಟ್ಟು ಬಿದ್ದು ಎರಡೇ ದಿನಗಳಲ್ಲಿ, ಮೇ 24ರ ರಾತ್ರಿ, ಕ್ಯಾನ್ಸಸ್ಸಿನ ಪಾಟವಾಟಮಿ ಎಂಬಲ್ಲಿ ಜಾನ್ ಬ್ರೌನನೆಂಬ ಗುಲಾಮಗಿರಿಯ ಕಡುವೈರಿಯು ಮಕ್ಕಳನ್ನೂ ಸಂಗಡಿಗರನ್ನೂ ಕಟ್ಟಿಕೊಂಡು ಹೊರಟು, ಎದುರು ಪಕ್ಷದ ಐವರನ್ನು ಅವರವರ ಗುಡಿಸಲುಗಳಿಂದ ಹೊರಗೆಳೆದು ಕತ್ತಿಗಳಿಂದ ಕಡಿಸಿದನು. ಬ್ರೂಕ್ಸನಿಗೆ ಹಾರ ಹಾಕಿದವರಿದ್ದಂತೆ ಬ್ರೌನನನ್ನೂ ಸಂತನೆಂದು ಕರೆದವರಿದ್ದರು. ಒಂದೇ ಸುದ್ದಿಯನ್ನು ಓದಿ ಅರ್ಧ ದೇಶವು ಹಿಗ್ಗುವುದೂ ಉಳಿದರ್ಧವು ಹಲ್ಲು ಕಡಿಯುವುದೂ ಅಲ್ಲಿಂದ ವಾಡಿಕೆಯಾಯಿತು. ಶಾಸಕರು ಕಠಾರಿ ಪಿಸ್ತೂಲುಗಳನ್ನು ಸೊಂಟದಲ್ಲಿಟ್ಟುಕೊಂಡು ಸಭೆಗೆ ಬರತೊಡಗಿದರು. 1858ರ ಫೆಬ್ರವರಿಯ ಒಂದು ನಡುರಾತ್ರಿ ಪ್ರತಿನಿಧಿ ಸಭೆಯಲ್ಲಿ ಡಜನುಗಟ್ಟಲೆ ಸದಸ್ಯರು ಕೈಕೈ ಮಿಲಾಯಿಸಿದರು; ಒಬ್ಬನ ಕೃತಕ ಕೂದಲ ಟೋಪಿ ಕಿತ್ತುಬಂದು, ಅವನು ಅದನ್ನು ಹಿಂದುಮುಂದಾಗಿ ಹಾಕಿಕೊಂಡದ್ದನ್ನು ಕಂಡು ನಗೆ ಬಂದದ್ದರಿಂದ ಮಾತ್ರ ಜಗಳ ನಿಂತಿತು. ಅಂಥ ಅದೃಷ್ಟ ಎಲ್ಲ ದಿನವೂ ಒದಗುವುದಿಲ್ಲ.

ಸಮ್ನರನು ಮೂರು ವರ್ಷಗಳಿಗೂ ಹೆಚ್ಚು ಕಾಲ ಸೆನೆಟಿಗೆ ಸರಿಯಾಗಿ ಮರಳಲಾಗಲಿಲ್ಲ. ತಲೆನೋವು, ಬೆನ್ನುನೋವು, ನಿದ್ರೆಯಿಲ್ಲದ ರಾತ್ರಿಗಳು. ಅವನು ನಟಿಸುತ್ತಿದ್ದಾನೆಂದು ವೈರಿಗಳು ಆಡಿಕೊಂಡರು. ಮಸಾಚುಸೆಟ್ಸಿನ ಶಾಸನಸಭೆಯು 1857ರಲ್ಲಿ, ಅವನು ಕುಳಿತು ಮಾತನಾಡಲಾರದ ಸ್ಥಿತಿಯಲ್ಲಿದ್ದಾಗಲೇ, ಬಹುಮಟ್ಟಿಗೆ ಒಮ್ಮತದಿಂದ ಅವನನ್ನು ಮತ್ತೆ ಆರಿಸಿತು. ಬರಿದಾದ ಆಸನವು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಮಾತನಾಡುತ್ತದೆಂದು ಆ ಜನ ಬಗೆದರು. 1858ರಲ್ಲಿ ಪ್ಯಾರಿಸಿನ ಬ್ರೌನ್ ಸೆಕಾರ್ ಎಂಬ ವೈದ್ಯನು, ನೋವು ಮರೆಸುವ ಔಷಧಿಯನ್ನು ಕೊಡದೆ, ಅವನ ಬೆನ್ನಿನ ಮೇಲೆ ಬೆಂಕಿಯಿಂದ ಸುಡುವ ಚಿಕಿತ್ಸೆಯನ್ನು ಮತ್ತೆ ಮತ್ತೆ ಮಾಡಿದನು. ಇತ್ತ ಬ್ರೂಕ್ಸನು 37ನೆಯ ವಯಸ್ಸಿಗೇ, 1857ರ ಜನವರಿಯಲ್ಲಿ, ಗಂಟಲ ಬೇನೆಯಿಂದ ತೀರಿಕೊಂಡಿದ್ದನು. ಬಟ್ಲರನೂ ಅದೇ ವರ್ಷ ಹೋದನು.

1859ರ ಡಿಸೆಂಬರಿನಲ್ಲಿ ಸಮ್ನರನು ತನ್ನ ಸ್ಥಾನಕ್ಕೆ ಮರಳಿದನು. ಜಾನ್ ಬ್ರೌನನು ಗಲ್ಲಿಗೇರಿದ್ದೂ ಅದೇ ತಿಂಗಳಿನಲ್ಲಿ. ಹದಿನಾರು ತಿಂಗಳುಗಳ ಬಳಿಕ ಅಂತರ್ಯುದ್ಧ ಹತ್ತಿತು. ನಾಲ್ಕು ವರ್ಷ, ಆರು ಲಕ್ಷಕ್ಕೂ ಮಿಕ್ಕಿ ಸೈನಿಕರ ಸಾವು. ಕೋಲೆತ್ತಿ ತಡೆದಿದ್ದ ಕೀಟನೂ 1864ರಲ್ಲಿ ರಣದಲ್ಲಿ ಮಡಿದನು. ಸಮ್ನರನು ಆ ಕಾಲದಲ್ಲಿ ಸೆನೆಟಿನ ಪರರಾಷ್ಟ್ರ ವ್ಯವಹಾರ ಸಮಿತಿಯ ಅಧ್ಯಕ್ಷನಾಗಿ ಬ್ರಿಟನ್ನಿನೊಡನೆ ಹತ್ತಲಿದ್ದ ಯುದ್ಧವನ್ನು ತಪ್ಪಿಸಲು ನೆರವಾದನು. ಗುಲಾಮರನ್ನು ಬಿಡುಗಡೆ ಮಾಡೆಂದು ಲಿಂಕನ್ನನ ಬೆನ್ನುಬಿಡದೆ ಒತ್ತಾಯಿಸಿದನು. 1865ರ ಏಪ್ರಿಲ್ 14ರ ರಾತ್ರಿ ಲಿಂಕನ್ನನಿಗೆ ಕೊಲೆಗಡುಕನ ಗುಂಡು ತಗಲಿದಾಗ, ಬೆಳಗಿನಲ್ಲಿ ಪ್ರಾಣ ಹೋಗುವವರೆಗೂ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಣ್ಣೀರಿಟ್ಟವರಲ್ಲಿ ಸಮ್ನರನೂ ಒಬ್ಬನು.

ಇಂಥ ಪೆಟ್ಟು ತಿಂದವನು ಗೆದ್ದ ಮೇಲೆ ಏನು ಮಾಡಬೇಕು? 1872ರಲ್ಲಿ ಸಮ್ನರನು ಒಂದು ಮಸೂದೆಯನ್ನು ತಂದನು. ಸ್ವದೇಶದ ಜನರ ಮೇಲೆ ಗೆದ್ದ ಕದನಗಳ ಹೆಸರುಗಳನ್ನು ಸೇನೆಯ ಧ್ವಜಗಳ ಮೇಲೆ ಬರೆಯಬಾರದು ಎಂಬುದು ಅದರ ಸಾರ. ಯುದ್ಧವು ನಡೆಯುತ್ತಿದ್ದಾಗಲೇ, 1862ರಲ್ಲಿ, ಅವನು ಇದೇ ಸೂಚನೆಯನ್ನು ತಂದಿದ್ದನು. ಮಕ್ಕಳನ್ನು ಕಳೆದುಕೊಂಡಿದ್ದ ಮಸಾಚುಸೆಟ್ಸ್ ಇದನ್ನು ಸಹಿಸಲಿಲ್ಲ. ಹಿಂದೆ ಖಾಲಿ ಆಸನಕ್ಕೆ ಅವನನ್ನು ಆರಿಸಿದ್ದ ಆ ಶಾಸನಸಭೆಯೇ ಅವನ ಮೇಲೆ ಖಂಡನಾ ನಿರ್ಣಯವನ್ನು ಮಾಡಿತು. ವೈರಿಯ ಕೋಲಿಗಿಂತ ಇದು ಅವನಿಗೆ ಹೆಚ್ಚು ನೋಯಿಸಿರಬೇಕೆಂದು ನಮಗೆ ತೋರುತ್ತದೆ. ಅಧ್ಯಕ್ಷ ಗ್ರ್ಯಾಂಟನೊಡನೆ ಜಗಳವಾಗಿ ಸಮಿತಿಯ ಪದವಿಯನ್ನೂ ಅವನು ಅದಕ್ಕೆ ಮೊದಲೇ ಕಳೆದುಕೊಂಡಿದ್ದನು. 1874ರ ಫೆಬ್ರವರಿಯಲ್ಲಿ ಶಾಸನಸಭೆಯು ನಿರ್ಣಯವನ್ನು ಹಿಂತೆಗೆದುಕೊಂಡಿತು. ಮಾರ್ಚ್ 10ರಂದು ಅದನ್ನು ಸೆನೆಟಿನಲ್ಲಿ ಓದಿದರು. ಸಮ್ನರನು ಕುಳಿತು ಕೇಳಿದನು. ಅಂದೇ ರಾತ್ರಿ ಎದೆನೋವು ಬಂದಿತು. ಮರುದಿನ ಮಧ್ಯಾಹ್ನ ತೀರಿಕೊಂಡನು.

ಸಾಯುವ ಹಾಸಿಗೆಯಲ್ಲಿ ಅವನು ಬಂದವರಿಗೆಲ್ಲ ಒಪ್ಪಿಸಿದ್ದು ತನ್ನ ಪೌರಹಕ್ಕುಗಳ ಮಸೂದೆಯನ್ನು. ಹೋಟೆಲು, ರೈಲು, ನಾಟಕಶಾಲೆ, ಪಾಠಶಾಲೆಗಳಲ್ಲಿ ಕರಿಯರನ್ನು ಹೊರಗಿಡಬಾರದೆಂಬ ಕಾನೂನು ಅದು. ಆ ಏಪ್ರಿಲಿನಲ್ಲಿ ಪ್ರತಿನಿಧಿ ಸಭೆಯಲ್ಲಿ ಅವನಿಗೆ ಶ್ರದ್ಧಾಂಜಲಿ ಅರ್ಪಿಸಲು ಎದ್ದವರಲ್ಲಿ ಮಿಸಿಸಿಪಿಯ ಲೂಷಿಯಸ್ ಲ್ಯಾಮರನೂ ಒಬ್ಬನು. ಒಕ್ಕೂಟವನ್ನು ಬಿಡುವ ತನ್ನ ಸಂಸ್ಥಾನದ ಶಾಸನವನ್ನು ಬರೆದವನೇ ಅವನು. ಉತ್ತರ ದಕ್ಷಿಣಗಳು ಒಬ್ಬರನ್ನೊಬ್ಬರು ಅರಿತರೆ ಪ್ರೀತಿಸುವರೆಂಬ ಅರ್ಥದಲ್ಲಿ ಅವನು ಮಾತನಾಡಿದಾಗ ಸಭೆಯಲ್ಲಿ ಅನೇಕರ ಕಣ್ಣು ಒದ್ದೆಯಾದವು. ಆದರೆ ಮರುವರ್ಷವೇ ಮಿಸಿಸಿಪಿಯ ಚುನಾವಣೆಯಲ್ಲಿ ಲ್ಯಾಮರನ ಪಕ್ಷದವರು ಬಂದೂಕು ತೋರಿಸಿ, ಕೊಂದು, ಕರಿಯರನ್ನು ಮತಗಟ್ಟೆಯಿಂದ ಓಡಿಸಿ ಅಧಿಕಾರವನ್ನು ಹಿಡಿದರು. ಬಿಳಿಯರ ನಡುವಣ ರಾಜಿಗೆ ಬೆಲೆ ತೆತ್ತವರು ಕರಿಯರು.

ಸಮ್ನರನ ಮಸೂದೆಯು ಪಾಠಶಾಲೆಗಳ ಮಾತನ್ನು ಕಳೆದುಕೊಂಡು 1875ರಲ್ಲಿ ಕಾನೂನಾಯಿತು. 1883ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಅನೂರ್ಜಿತಗೊಳಿಸಿತು. ಹೋಟೆಲಿನ ಬಾಗಿಲು ಯಾರಿಗೂ ಮುಚ್ಚಬಾರದೆಂಬ ಮಾತನ್ನು ನಮ್ಮ ದೇಶವು 1950ರಲ್ಲಿ ಸಂವಿಧಾನದ 15ನೆಯ ವಿಧಿಯಲ್ಲಿಯೇ ಬರೆದುಕೊಂಡಿತು. ಹೋಟೆಲು ಕೆಲಸದಲ್ಲಿರುವ ನಮ್ಮ ವಾಚಕರಿಗೆ ಅದು ತಿಳಿದ ಸಂಗತಿ. ಅಮೆರಿಕದಲ್ಲಿ ಆ ಬಾಗಿಲನ್ನು ತೆರೆಯಿಸುವ ಕಾನೂನು ಮತ್ತೆ ಬಂದದ್ದು 1964ರಲ್ಲಿ. ಸಮ್ನರನು ತೀರಿಕೊಂಡು ಆಗ 90 ವರ್ಷಗಳಾಗಿದ್ದವು.