ಮಂದದೃಷ್ಟಿಯ ಜ್ಯೋತಿರ್ವಿಜ್ಞಾನಿ ಕೆಪ್ಲರ್

ಗ್ರಹಗತಿಯ ಮೂರು ನಿಯಮಗಳನ್ನು ಕಂಡುಹಿಡಿದವನೆಂದು ಯೋಹಾನೆಸ್ ಕೆಪ್ಲರನ ಹೆಸರು ವಿಜ್ಞಾನವನ್ನು ಓದದ ನಮ್ಮಂಥವರಿಗೂ ಪರಿಚಿತ. ಆದರೆ ಕನ್ನಡಕ ಧರಿಸುವವರೆಲ್ಲ ಆತನಿಗೆ ಬೇರೊಂದು ಋಣವನ್ನು ಹೊತ್ತಿರುವರು. ಅದನ್ನು ಬಲ್ಲವರು ವಿರಳ.

ಕೆಪ್ಲರನು ೧೫೭೧ರ ಡಿಸೆಂಬರ್ ೨೭ರಂದು ಜರ್ಮನಿಯ ವೈಲ್ ಡೆರ್ ಶ್ಟಾಟ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ತಂದೆ ಕೂಲಿ ಸೈನಿಕ. ಮನೆ ಬಿಟ್ಟು ಹೋದವನು ಕೊನೆಗೆ ಹಿಂದಿರುಗಲೇ ಇಲ್ಲ. ತಾಯಿ ಕತಾರೀನಾ ವಸತಿಗೃಹವೊಂದರ ಯಜಮಾನನ ಮಗಳು. ಎಳವೆಯಲ್ಲಿ ಬಂದ ಸಿಡುಬು ಮಗುವಿನ ಕಣ್ಣನ್ನು ಮಂದಗೊಳಿಸಿತು. ಆ ಮಂದದೃಷ್ಟಿಯ ಮಗನಿಗೇ ತಾಯಿ ೧೫೭೭ರಲ್ಲಿ ಧೂಮಕೇತುವನ್ನು ತೋರಿಸಿದಳು. ಅರಸನ ವಿದ್ಯಾರ್ಥಿವೇತನ ದೊರೆಯದಿದ್ದರೆ ಆತನು ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. (ವಿದ್ಯಾರ್ಥಿವೇತನದ ಬೆಲೆಯನ್ನು ನಮ್ಮಲ್ಲಿ ಅನೇಕರಿಗೆ ಹೇಳಿಕೊಡಬೇಕಾಗಿಲ್ಲ.) ೧೬೦೦ರಲ್ಲಿ ಪ್ರಾಗ್ ನಗರಕ್ಕೆ ಬಂದು ಟೈಕೋ ಬ್ರಾಹೆಯ ಸಹಾಯಕನಾದನು, ಮರುವರ್ಷ ಬ್ರಾಹೆ ತೀರಿಕೊಳ್ಳಲು ಚಕ್ರವರ್ತಿಯ ಗಣಿತಜ್ಞನಾದನು. ಪದವಿಯೇನೋ ದೊಡ್ಡದು, ಸಂಬಳ ಮಾತ್ರ ಸದಾ ಬಾಕಿ.

ಕಣ್ಣಿನ ಮಸೂರವೇ ನೋಟದ ನೆಲೆಯೆಂದು ಅಂದಿನ ಪಂಡಿತರಲ್ಲಿ ಬಹುಮಂದಿ ನಂಬಿದ್ದರು. ಬಿಂಬ ಮೂಡುವುದು ಹಿಂಬದಿಯ ಅಕ್ಷಿಪಟಲದ ಮೇಲೆ, ಅದೂ ತಲೆಕೆಳಗಾಗಿ ಎಂದು ೧೬೦೪ರ ಗ್ರಂಥದಲ್ಲಿ ಕೆಪ್ಲರನು ತೋರಿಸಿಕೊಟ್ಟನು. ಸಮೀಪದೃಷ್ಟಿಯವರ ಕಣ್ಣಿನಲ್ಲಿ ದೂರದ ವಸ್ತುವಿನ ಕಿರಣಗಳು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿ, ಮತ್ತೆ ಚದುರಿಬಿಡುತ್ತವೆ. ನಡುವೆ ತೆಳುವಾಗಿ ಅಂಚಿನಲ್ಲಿ ದಪ್ಪವಾಗಿರುವ ನಿಮ್ನ ಮಸೂರವನ್ನು ಕಣ್ಣಿನ ಮುಂದಿಟ್ಟರೆ ಅದು ಕಿರಣಗಳನ್ನು ಮೊದಲೇ ಅಗಲಿಸುತ್ತದೆ. ಅವು ಕೂಡುವ ಬಿಂದು ಹಿಂದೆ ಸರಿದು ಅಕ್ಷಿಪಟಲದ ಮೇಲೆಯೇ ಬೀಳುತ್ತದೆ. ಅಂತಹ ಕನ್ನಡಕಗಳನ್ನು ಕುಶಲಕರ್ಮಿಗಳು ನೂರು ವರ್ಷಕ್ಕೂ ಮಿಗಿಲಾಗಿ ಮಾಡಿ ಮಾರುತ್ತಿದ್ದರು. ಕಾರಣವನ್ನು ಬಿಡಿಸಿ ಹೇಳಿದವನು ಈತ. ಅಗಲಿದ ಕಿರಣಗಳು ವಸ್ತುವಿಗಿಂತ ಸಮೀಪದ ಬಿಂದುವಿನಿಂದ ಹೊರಟಂತೆ ತೋರುವುದರಿಂದ ನಮಗೆ ಕಾಣುವುದು ನೆಟ್ಟಗಿರುವ, ಚಿಕ್ಕದಾದ ಮಿಥ್ಯಾಬಿಂಬ. ಅದನ್ನು ಪರದೆಯ ಮೇಲೆ ಹಿಡಿಯಲಾಗದು. ಸಮೀಪದೃಷ್ಟಿಯ ಗೆಳೆಯರ ಕನ್ನಡಕವನ್ನು ಈ ಪುಟದಿಂದ ತುಸು ಮೇಲೆ ಹಿಡಿದರೆ ಅಕ್ಷರಗಳು ಕುಗ್ಗುವುದನ್ನು ಯಾರು ಬೇಕಾದರೂ ಕಾಣಬಹುದು.

ಗೆಲಿಲಿಯೋನ ದೂರದರ್ಶಕದಲ್ಲಿ ಕಣ್ಣಿನ ಬಳಿ ಇದ್ದುದೂ ನಿಮ್ನ ಮಸೂರವೇ. ೧೬೧೦ರಲ್ಲಿ ಎರವಲು ತಂದ ಅಂತಹ ಯಂತ್ರದಿಂದ ಗುರುವಿನ ಉಪಗ್ರಹಗಳನ್ನು ಕಂಡ ಕೆಪ್ಲರನು ಮಸೂರಗಳ ಗಣಿತವನ್ನು ಬರೆದು ೧೬೧೧ರಲ್ಲಿ ಅಚ್ಚುಮಾಡಿಸಿದನು. ನಿಮ್ನ ಮಸೂರದ ಬದಲು ಅಲ್ಲಿ ಪೀನ ಮಸೂರವನ್ನೇ ಇಡಬಹುದೆಂದೂ ಅದರಲ್ಲಿ ಸೂಚಿಸಿದನು. ಅದೇ ವರ್ಷ ಆತನ ಆರು ವರ್ಷದ ಮಗ ಸಿಡುಬಿಗೆ ಬಲಿಯಾದನು. ಕೆಲವು ತಿಂಗಳಲ್ಲಿ ಹೆಂಡತಿಯೂ ತೀರಿಕೊಂಡಳು.

೧೬೨೦ರಲ್ಲಿ ತಾಯಿಯನ್ನು ಮಾಟಗಾತಿಯೆಂದು ಸೆರೆಹಿಡಿದರು. ಮಗನು ತನ್ನ ಕೆಲಸ ಬದಿಗಿಟ್ಟು ಬಂದು ಆಕೆಯ ಪರವಾಗಿ ಹೋರಾಡಿದನು. ೧೪ ತಿಂಗಳ ಸೆರೆವಾಸದ ಬಳಿಕ ಬಿಡುಗಡೆಯಾದ ಮುದುಕಿ ಮರುವರ್ಷವೇ ಸತ್ತಳು. ನನ್ನ ಮಟ್ಟಿಗೆ ಕೆಪ್ಲರನು ದೊಡ್ಡವನಾಗಿ ಕಾಣುವುದು ಇಲ್ಲಿಯೇ.

೧೬೩೦ರಲ್ಲಿ ಬಾಕಿ ಹಣಕ್ಕಾಗಿ ರೇಗೆನ್ಸ್‌ಬುರ್ಗಿಗೆ ಹೋದವನು ಜ್ವರಬಂದು ನವೆಂಬರ್ ೧೫ರಂದು ಅಲ್ಲೇ ಮಡಿದನು. ಯುದ್ಧದಲ್ಲಿ ಆ ಸ್ಮಶಾನವೂ ನಾಶವಾಯಿತು. ಆತನ ಸಮಾಧಿ ಇಂದು ಉಳಿದಿಲ್ಲ.