ಪಾಲಿನ ಜಗಳದ ನಡುವೆ ಒಬ್ಬ ತಾಯಿ

ಆಸ್ತಿ ಪಾಲಾಗುವ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋದ ಮನೆಗಳನ್ನು ನೀವು ಕಂಡಿರುತ್ತೀರಿ. ಅರಮನೆಗಳ ಕಥೆಯೂ ಇದೇ. ಅಕ್ಟೋಬರ್ 16ರಂದು ಧರ್ಮಸಭೆ ಸ್ಮರಿಸುವ ಸಂತ ಹೆಡ್ವಿಗ್‌ರವರ ಜೀವನವನ್ನೇ ನೋಡಿ.

ಪೋಲೆಂಡಿನ ದೊರೆ ಮೂರನೇ ಬೋಲೆಸ್ಲಾವ್ 1138ರಲ್ಲಿ ತೀರಿಕೊಂಡಾಗ ಅವನ ಉಯಿಲಿನಂತೆ ರಾಜ್ಯವು ಮಕ್ಕಳಿಗೆ ಹಂಚಿಹೋಯಿತು. ಅಂದಿನಿಂದ ದಾಯಾದಿ ಕಲಹ ನಿಲ್ಲಲಿಲ್ಲ. ಆ ವಂಶದ ಸೈಲೀಸಿಯಾ ಸಂಸ್ಥಾನಕ್ಕೆ, ಗಡ್ಡದ ಹೆನ್ರಿಯ ಮಡದಿಯಾಗಿ, ಬವೇರಿಯಾದ ಆಂಡೆಕ್ಸ್ ಮನೆತನದ ಹೆಡ್ವಿಗ್ ಹನ್ನೆರಡರ ಸುಮಾರಿನ ಬಾಲಕಿಯಾಗಿ ಬಂದರು. ಹೆನ್ರಿ 1201ರಲ್ಲಿ ಡ್ಯೂಕ್ ಆದರು. ಮರುವರ್ಷವೇ ದಂಪತಿಗಳು ಟ್ಶೆಬ್ನಿತ್ಸಾದಲ್ಲಿ ಕನ್ಯಾಸ್ತ್ರೀಯರ ಮಠವನ್ನು ಸ್ಥಾಪಿಸಿದರು.

ಏಳು ಮಕ್ಕಳ ತಾಯಿಯಾದರೂ ಅವರ ಮಡಿಲು ಬರಿದಾಗುತ್ತಲೇ ಹೋಯಿತು. ಗಂಡುಮಕ್ಕಳಾದ ಹೆನ್ರಿ ಮತ್ತು ಕಾನ್ರಾಡ್ ನೆಲಕ್ಕಾಗಿ ಪರಸ್ಪರ ಯುದ್ಧ ಮಾಡಿದರೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ಕಾನ್ರಾಡ್ ಯೌವನದಲ್ಲೇ ಸತ್ತ. ಸಂಸ್ಥಾನಕ್ಕೆ ಹೆನ್ರಿಯೊಬ್ಬನೇ ವಾರಸುದಾರನಾಗಿ ಉಳಿದ.

1229ರಲ್ಲಿ ಕ್ರಾಕೋವ್ ನಗರದ ಹಕ್ಕಿಗಾಗಿ ನಡೆದ ವ್ಯಾಜ್ಯದಲ್ಲಿ ದಾಯಾದಿಯಾದ ಮಜೋವಿಯಾದ ಕಾನ್ರಾಡ್ ಅವರ ಪತಿಯನ್ನು ಸೆರೆಹಿಡಿದ. ಮಗ ಸೈನ್ಯ ಕೂಡಿಸತೊಡಗಿದ. ರಕ್ತ ಹರಿಯಬಾರದೆಂದು ತಾಯಿಯೇ ವೈರಿಯ ಬಳಿಗೆ ಹೋಗಿ, ಸಂಧಾನ ಮಾಡಿ, ಪತಿಯನ್ನು ಬಿಡಿಸಿ ತಂದರು. ಕ್ರಾಕೋವ್‌ನ ಮೇಲಿನ ಹಕ್ಕನ್ನು ಪತಿ ಬಿಟ್ಟುಕೊಟ್ಟರು. ಆದರೂ 1232ರಲ್ಲಿ ಅವರು ಆ ನಗರವನ್ನು ಮತ್ತೆ ಪಡೆದರು! ನೆಲದ ಆಸೆ ಅಷ್ಟು ಸುಲಭವಾಗಿ ಬಿಡುವುದಿಲ್ಲ, ನೋಡಿ.

1238ರಲ್ಲಿ ಪತಿ ತೀರಿಕೊಂಡ ಮೇಲೆ ಹೆಡ್ವಿಗ್, ಮಗಳು ಗೆರ್ಟ್ರೂಡ್ ಮುಖ್ಯಸ್ಥೆಯಾಗಿದ್ದ ಟ್ಶೆಬ್ನಿತ್ಸಾ ಮಠದಲ್ಲೇ ನೆಲೆಸಿದರು. ಮಠದ ಉಡುಪನ್ನು ಧರಿಸಿದರೂ ವ್ರತಗಳನ್ನು ಸ್ವೀಕರಿಸಲಿಲ್ಲ. ಏಕೆ ಗೊತ್ತೇ? ತಮ್ಮ ಪಾಲಿನ ಆಸ್ತಿಯನ್ನು ಬಡವರಿಗೆ ತಾವೇ ಹಂಚುವ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು. 1241ರ ಏಪ್ರಿಲ್ 9ರಂದು ಲೆಗ್ನಿತ್ಸಾದಲ್ಲಿ ಮಂಗೋಲರನ್ನು ಎದುರಿಸಿದ ಮಗ ಹೆನ್ರಿ ಮಡಿದ. ಏಳು ಮಕ್ಕಳಲ್ಲಿ ಗೆರ್ಟ್ರೂಡ್ ಒಬ್ಬಳೇ ಉಳಿದಳು. 1243ರಲ್ಲಿ ಆ ತಾಯಿಯೂ ಕಣ್ಮುಚ್ಚಿದರು.

ಬಳಿಕ ಮೊಮ್ಮಕ್ಕಳು ಪಾಲಿಗಾಗಿ ಕಾದಾಡಿದರು. 1248ರಿಂದ ಕೆಲವೇ ವರ್ಷಗಳಲ್ಲಿ ಸಂಸ್ಥಾನ ಲೆಗ್ನಿತ್ಸಾ, ವ್ರೋತ್ಸ್ವಾಫ್, ಗ್ಲೋಗುಫ್ ಎಂದು ಮೂರು ಹೋಳಾಯಿತು. 1267ರಲ್ಲಿ ನಾಲ್ಕನೇ ಕ್ಲೆಮೆಂಟ್ ಜಗದ್ಗುರುಗಳು ಹೆಡ್ವಿಗ್‌ರನ್ನು ಸಂತ ಪದವಿಗೇರಿಸಿದರು. ಆ ವಂಶದ ಕೊನೆಯ ಡ್ಯೂಕ್ 1675ರಲ್ಲಿ ವಾರಸುದಾರರಿಲ್ಲದೆ ತೀರಿಕೊಂಡ.

ಸಹೋದರ ಸಹೋದರಿಯರೇ, ಮೊಮ್ಮಕ್ಕಳು ಕಾದಾಡಿ ಪಡೆದ ನೆಲವನ್ನು ಆಳಲು ಯಾರೂ ಉಳಿಯಲಿಲ್ಲ. ಅಜ್ಜಿ ಬಡವರಿಗೆ ಕೊಟ್ಟದ್ದನ್ನು ಮಾತ್ರ ಜನ ಇಂದಿಗೂ ನೆನೆಯುತ್ತಾರೆ. ಮುಂದಿನ ಸಲ ನಿಮ್ಮ ಮನೆಯಲ್ಲಿ ಪಾಲಿನ ಮಾತು ಬಂದಾಗ ಈ ತಾಯಿಯನ್ನು ನೆನೆಯಿರಿ. ಮಾತು ಬಿಟ್ಟ ಅಣ್ಣನ ಮನೆಗೆ ಮೊದಲು ನೀವೇ ಹೋಗಿ ಬನ್ನಿ.