ಮಸೀಹುಲ್ ಮುಲ್ಕ್ ಹಕೀಮ್ ಅಜ್ಮಲ್ ಖಾನ್ ಮತ್ತು ಅವರ ದವಾಖಾನೆ



ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ತರಗತಿಯಲ್ಲಿ ಕೇಳಿದರೆ ಅರ್ಧದಷ್ಟು ಕೈಗಳು ಡಾಕ್ಟರ್ ಎಂದು ಮೇಲೇಳುತ್ತವೆ. ಯಾಕೆ ಎಂದರೆ ಬಡವರ ಸೇವೆ ಮಾಡಲು ಎಂಬ ಉತ್ತರ ತಪ್ಪದೆ ಬರುತ್ತದೆ. ಆ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಆಸ್ಪತ್ರೆ ಎಂದರೆ ಕಟ್ಟಡ ಬೇಕು, ಔಷಧ ಬೇಕು, ಕೆಲಸದವರಿಗೆ ತಿಂಗಳ ಸಂಬಳ ಬೇಕು. ಈ ಹಣ ಎಲ್ಲಿಂದ ಬರಬೇಕು? ರೋಗಿಯ ಜೇಬಿನಿಂದಲೇ ಬರಬೇಕಾದರೆ ಸೇವೆ ಎಲ್ಲಿ ಉಳಿಯಿತು? ಬಾರದಿದ್ದರೆ ಆಸ್ಪತ್ರೆ ಎಷ್ಟು ದಿನ ಉಳಿದೀತು? ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ತಮ್ಮ ಇಡೀ ಬದುಕಿನಿಂದ ಉತ್ತರ ಹುಡುಕಿದವರು ಹಕೀಮ್ ಅಜ್ಮಲ್ ಖಾನ್.

ನಮ್ಮಲ್ಲಿ ಹೆಚ್ಚಿನವರಿಗೆ ಅವರು ಸ್ವಾತಂತ್ರ್ಯ ಹೋರಾಟಗಾರರಾಗಿ, 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಗೊತ್ತು. ಇಲ್ಲಿ ನಾವು ಅವರ ದವಾಖಾನೆಯ ಕಡೆಗೆ ಗಮನ ಕೊಡೋಣ.

ಅಜ್ಮಲ್ ಖಾನ್ ಹುಟ್ಟಿದ್ದು 1868ರ ಫೆಬ್ರವರಿಯಲ್ಲಿ, ದೆಹಲಿಯಲ್ಲಿ. ಬಲ್ಲಿಮಾರಾನ್ ಬೀದಿಯ ಶರೀಫ್ ಮಂಜಿಲ್ ಅವರ ಮನೆ. ಮೊಗಲರ ಕಾಲದಿಂದಲೂ ಹಕೀಮರ ಮನೆತನವದು. ಬಾಲ್ಯದಲ್ಲಿಯೇ ಕುರ್‌ಆನ್ ಕಂಠಪಾಠ ಮಾಡಿ ಹಾಫಿಜ್ ಆದರು. ಅರಬ್ಬಿ, ಫಾರ್ಸಿ ಕಲಿತರು. ಯುನಾನಿ ವೈದ್ಯವನ್ನು ಮನೆಯ ಹಿರಿಯರಿಂದಲೇ ಕಲಿತರು. 1892ರಲ್ಲಿ ರಾಂಪುರದ ನವಾಬರ ಮುಖ್ಯ ವೈದ್ಯರಾದರು. ಹಿರಿಯ ಸಹೋದರರು ತೀರಿಕೊಂಡ ಮೇಲೆ ದೆಹಲಿಗೆ ಮರಳಿ ಮನೆತನದ ಮತಬ್ ಅನ್ನೂ ಅಣ್ಣ ಹಕೀಮ್ ಅಬ್ದುಲ್ ಮಜೀದ್ ಖಾನ್ ಸ್ಥಾಪಿಸಿದ್ದ ಮದ್ರಸಾ ತಿಬ್ಬಿಯಾವನ್ನೂ ವಹಿಸಿಕೊಂಡರು.

ಅವರ ಶುಲ್ಕದ ಕ್ರಮ ಹೀಗಿತ್ತೆಂದು ಅವರ ಜೀವನ ಬರೆದವರು ತಿಳಿಸುತ್ತಾರೆ. ದೆಹಲಿಯ ಮತಬ್‌ಗೆ ಬಂದವರು ಯಾರೇ ಆಗಲಿ, ನೋಡಿದ್ದಕ್ಕೆ ಹಣವಿಲ್ಲ. ಆದರೆ ರಾಜ ಮಹಾರಾಜರು ತಮ್ಮ ಊರಿಗೆ ಕರೆಸಿಕೊಂಡರೆ ದಿನಕ್ಕೆ 1000 ರೂಪಾಯಿ. ಆ ಕಾಲದಲ್ಲಿ ಅದು ಬಹಳ ದೊಡ್ಡ ಮೊತ್ತ. ಉಳ್ಳವನಿಂದ ಪಡೆದು ಇಲ್ಲದವನ ಚಿಕಿತ್ಸೆ ನಡೆಸುವುದು ಅವರ ಲೆಕ್ಕವಾಗಿತ್ತು.

ಆದರೆ ಒಬ್ಬ ಹಕೀಮರ ಶುಲ್ಕದಿಂದ ಕಾಲೇಜು, ಆಸ್ಪತ್ರೆ ನಡೆಯುವುದಿಲ್ಲ. ಇನ್ನೊಂದು ಕಷ್ಟವೂ ಇತ್ತು. ಸರಿಯಾದ ನುಸ್ಖಾ ಬರೆದರೂ ಪೇಟೆಯಲ್ಲಿ ಸಿಗುವ ಗಿಡಮೂಲಿಕೆ ಕಲಬೆರಕೆಯಾಗಿದ್ದರೆ ರೋಗಿ ಗುಣವಾಗುವುದಿಲ್ಲ, ಹೆಸರು ಕೆಡುವುದು ಹಕೀಮನದೇ. ಈ ಎರಡೂ ಕಷ್ಟಗಳಿಗೆ ಒಂದೇ ಪರಿಹಾರವಾಗಿ 1905ರ ಸುಮಾರಿಗೆ ಹಿಂದೂಸ್ತಾನಿ ದವಾಖಾನಾ ಹುಟ್ಟಿತು. ಶುದ್ಧವಾದ ಯುನಾನಿ ಮತ್ತು ಆಯುರ್ವೇದ ಔಷಧಗಳನ್ನು ಒಂದೇ ಗುಣಮಟ್ಟದಲ್ಲಿ ತಯಾರಿಸಿ ಮಾರುವುದು ಅದರ ಕೆಲಸ. ಅದು ವ್ಯಾಪಾರವೇ, ಸಂಶಯವಿಲ್ಲ. ಆದರೆ ಲಾಭ ಮನೆಗೆ ಹೋಗಲಿಲ್ಲ, ವೈದ್ಯಶಿಕ್ಷಣಕ್ಕೆ ಹೋಯಿತು.

1909ರಲ್ಲಿ ಅವರು ಮಹಿಳೆಯರಿಗಾಗಿ ಪ್ರತ್ಯೇಕ ತಿಬ್ಬಿ ಶಾಲೆ ತೆರೆದರು. ಪರದೆಯ ಕಾರಣದಿಂದ ಹೆಂಗಸರು ಚಿಕಿತ್ಸೆಯಿಲ್ಲದೆ ನರಳುತ್ತಿದ್ದ ಕಾಲವದು. ಸೂಲಗಿತ್ತಿಯರಿಗೆ ಅಲ್ಲಿ ಕ್ರಮಬದ್ಧ ತರಬೇತಿ ಸಿಕ್ಕಿತು.

ಹಣದ ಕಷ್ಟದ ಮೇಲೆ ಕಾನೂನಿನ ಕಷ್ಟ ಬಂತು. 1912ರಲ್ಲಿ ಬೊಂಬಾಯಿ ಪ್ರಾಂತ್ಯದಲ್ಲಿ ವೈದ್ಯರ ನೋಂದಣಿ ಕಾಯ್ದೆಯಾಯಿತು. ಪಾಶ್ಚಾತ್ಯ ವೈದ್ಯ ಕಲಿತವರಿಗೆ ಮಾತ್ರ ಅದರಲ್ಲಿ ಸ್ಥಾನ. ಹಕೀಮರೂ ವೈದ್ಯರೂ ಪಟ್ಟಿಯ ಹೊರಗೆ. ಇಂಥ ಕಾಯ್ದೆ ಎಲ್ಲ ಪ್ರಾಂತ್ಯಗಳಿಗೂ ಹಬ್ಬಿದರೆ ದೇಶೀಯ ವೈದ್ಯವೇ ಮುಗಿಯಿತೆಂಬ ಭಯ ಎಲ್ಲೆಡೆ ಇತ್ತು. ಈ ಅಪಾಯವನ್ನು ಮೊದಲೇ ಕಂಡಿದ್ದ ಅಜ್ಮಲ್ ಖಾನ್ ಹಕೀಮರನ್ನೂ ಆಯುರ್ವೇದ ಪಂಡಿತರನ್ನೂ 1910ರಿಂದಲೇ ಒಂದು ಸಮ್ಮೇಳನದ ವೇದಿಕೆಗೆ ತಂದಿದ್ದರು. ಅವರು ಕಾನೂನನ್ನು ಬರೀ ಬೈಯುತ್ತಾ ಕೂರಲಿಲ್ಲ. ನಮ್ಮ ವೈದ್ಯದಲ್ಲೂ ಕೊರತೆಗಳಿವೆ, ಶರೀರಶಾಸ್ತ್ರವನ್ನೂ ಶಸ್ತ್ರಚಿಕಿತ್ಸೆಯನ್ನೂ ಕಲಿಯಲೇಬೇಕು ಎಂದು ತಮ್ಮವರಿಗೇ ತಿಳಿಹೇಳಿದರು. ಅದಕ್ಕೂ ಮುಂಚೆ 1911ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಆಸ್ಪತ್ರೆಗಳನ್ನು ಕಣ್ಣಾರೆ ನೋಡಿ ಬಂದಿದ್ದರು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿದ್ದ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ಸ್ನೇಹ ಬೆಳೆದದ್ದು ಆಗಲೇ.

ಈ ಎಲ್ಲ ಪ್ರಯತ್ನದ ಫಲ ದೆಹಲಿಯ ಕರೋಲ್ ಬಾಗ್‌ನಲ್ಲಿರುವ ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿಯಾ ಕಾಲೇಜು. 1916ರ ಮಾರ್ಚ್ 29ರಂದು ವೈಸರಾಯ್ ಲಾರ್ಡ್ ಹಾರ್ಡಿಂಜ್ ಅಡಿಗಲ್ಲು ಹಾಕಿದರು. ಸರ್ಕಾರದ ಒಲವು, ಸಂಸ್ಥಾನಗಳ ದಾನ ಎರಡೂ ಸಂಸ್ಥೆಗೆ ಅಗತ್ಯವಾಗಿದ್ದವು.

ವಾಚಕರೇ, ನಿಜವಾದ ಪರೀಕ್ಷೆ ಇಲ್ಲಿ ಬಂತು. ಜಲಿಯನ್‌ವಾಲಾ ಬಾಗ್ ದುರಂತದ ನಂತರ ದೇಶ ಎದ್ದು ನಿಂತಿತು. ಖಿಲಾಫತ್ ಮತ್ತು ಅಸಹಕಾರ ಚಳವಳಿ ಆರಂಭವಾಯಿತು. ಸರ್ಕಾರದ ಎದುರು ನಿಂತರೆ ಕಟ್ಟಡ ಅರ್ಧಕ್ಕೆ ನಿಲ್ಲಬಹುದು, ಬ್ರಿಟಿಷರಿಗೆ ಹೆದರಿ ರಾಜರು ಕೈಬಿಡಬಹುದು. ಆಸ್ಪತ್ರೆಯ ಹೆಸರಿನಲ್ಲಿ ಸುಮ್ಮನಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೂ 1920ರಲ್ಲಿ ಅವರು ಸರ್ಕಾರ ಕೊಟ್ಟಿದ್ದ ಹಾಜಿಕುಲ್ ಮುಲ್ಕ್ ಬಿರುದನ್ನೂ ಕೈಸರ್-ಎ-ಹಿಂದ್ ಪದಕವನ್ನೂ ಹಿಂದಿರುಗಿಸಿದರು. ಜನರು ಅವರಿಗೆ ಮಸೀಹುಲ್ ಮುಲ್ಕ್ ಎಂಬ ಬಿರುದು ಕೊಟ್ಟರು. ವೈಸರಾಯ್ ಅಡಿಗಲ್ಲು ಹಾಕಿದ್ದ ಅದೇ ಕಾಲೇಜನ್ನು 1921ರ ಫೆಬ್ರವರಿ 13ರಂದು ಗಾಂಧೀಜಿ ಉದ್ಘಾಟಿಸಿದರು. ಗಾಂಧೀಜಿ ಅಂದು ಬರೀ ಹೊಗಳಿ ಹೋಗಲಿಲ್ಲ. ಪಾಶ್ಚಾತ್ಯ ವಿಜ್ಞಾನಿಗಳಲ್ಲಿರುವ ಶೋಧನೆಯ ಹಂಬಲ ನಮ್ಮ ಹಕೀಮರಲ್ಲಿ, ವೈದ್ಯರಲ್ಲಿ ಕಾಣುತ್ತಿಲ್ಲವೆಂದು ಖೇದ ವ್ಯಕ್ತಪಡಿಸಿದರು.

ಅಜ್ಮಲ್ ಖಾನರಿಗೂ ಶೋಧನೆ ಬೇಕಾಗಿತ್ತು. ಕಾಲೇಜಿನಲ್ಲಿ ಸಂಶೋಧನಾ ವಿಭಾಗ ತೆರೆಯಲು ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಸಲೀಮುಜ್ಜಮಾನ್ ಸಿದ್ದೀಖಿ ಎಂಬ ತರುಣರನ್ನು ಆರಿಸಿದರು. ಆ ತರುಣರು 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯ ಬಡಿತದ ಒಂದು ಅಪಾಯಕಾರಿ ದೋಷವನ್ನು ಪತ್ತೆಹಚ್ಚಲು ಇಂದಿಗೂ ಅದನ್ನು ಬಳಸುತ್ತಾರೆ. ಆದರೆ ಅದನ್ನು ನೋಡಲು ಹಕೀಮ್ ಸಾಹೇಬರು ಇರಲಿಲ್ಲ. 1927ರ ಡಿಸೆಂಬರ್ ಕೊನೆಯಲ್ಲಿ ಅವರು ರಾಂಪುರದಲ್ಲಿ ಹೃದಯ ಬೇನೆಯಿಂದ ನಿಧನರಾಗಿದ್ದರು. ಅಲ್ಲಾಹನು ಅವರಿಗೆ ಮಗ್ಫಿರತ್ ದಯಪಾಲಿಸಲಿ.

ಇಷ್ಟು ದೊಡ್ಡವರ ಬದುಕಿನಲ್ಲೂ ನಾವು ಕಲಿಯಬೇಕಾದ ಒಂದು ಕೊರತೆ ಇದೆ. 1920ರಲ್ಲಿ ಆರಂಭವಾದ ಜಾಮಿಯಾ ಮಿಲ್ಲಿಯಾದ ಮೊದಲ ಕುಲಪತಿಗಳು ಅವರೇ. 1925ರಲ್ಲಿ ಅಲಿಗಢದಿಂದ ಅದನ್ನು ದೆಹಲಿಗೆ ತಂದು ಖರ್ಚಿನ ದೊಡ್ಡ ಭಾಗವನ್ನು ತಮ್ಮ ಕೈಯಿಂದಲೇ ಕೊಡುತ್ತಿದ್ದರು. ಅವರು ಕಣ್ಮುಚ್ಚಿದಾಗ ಆ ಕೈಯೂ ನಿಂತಿತು. ಜಾಮಿಯಾ ಸಾಲದಲ್ಲಿ ಮುಳುಗಿ ಮುಚ್ಚುವ ಸ್ಥಿತಿಗೆ ಬಂತು. ಆಗ ಡಾ. ಜಾಕಿರ್ ಹುಸೇನ್ ಮತ್ತು ಸಂಗಡಿಗರು ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ದುಡಿಯುವ ಪ್ರತಿಜ್ಞೆ ಮಾಡಿ ಅದನ್ನು ಉಳಿಸಿಕೊಂಡರು. ಒಬ್ಬ ಉದಾರಿಯ ಜೇಬಿನ ಮೇಲೆ ನಿಂತ ಸಂಸ್ಥೆ ಆತನ ಉಸಿರಿನೊಂದಿಗೇ ತೂಗಾಡುತ್ತದೆ. ಇದಕ್ಕೆ ಹೋಲಿಸಿದರೆ ತನ್ನದೇ ವರಮಾನವಿದ್ದ ದವಾಖಾನೆಯ ಮಾದರಿ ಹೆಚ್ಚು ಗಟ್ಟಿ. ತಿಬ್ಬಿಯಾ ಕಾಲೇಜು ಇಂದು ದೆಹಲಿ ಸರ್ಕಾರದ ಅಧೀನದಲ್ಲಿ ನಡೆಯುತ್ತಿದೆ.

ಹಕೀಮ್ ಸಾಹೇಬರು ಎದುರಿಸಿದ ತೊಡಕುಗಳು ಇಂದಿಗೂ ಮುಗಿದಿಲ್ಲ. ನಮ್ಮ ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂತು. 2017ರಲ್ಲಿ ಅದಕ್ಕೆ ತಿದ್ದುಪಡಿ ತರುವಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಬಿಲ್ಲು ನೋಡಿ ಕಂಗಾಲಾಗುವ ರೋಗಿಯ ದುಃಖವೂ ನಿಜ. ಯಂತ್ರದ ಸಾಲ, ಸಿಬ್ಬಂದಿಯ ಸಂಬಳದ ನಡುವೆ ಸಣ್ಣ ಆಸ್ಪತ್ರೆ ನಡೆಸುವ ಡಾಕ್ಟರರ ಚಿಂತೆಯೂ ನಿಜ. ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಿಹಾಕಿದರೆ ದಾರಿ ಸಿಗುವುದಿಲ್ಲ.

ವಿದ್ಯಾರ್ಥಿಗಳೇ, ಬೆಂಗಳೂರಿನಲ್ಲೇ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆ. ಅಜ್ಮಲ್ ಖಾನರ ಜನ್ಮದಿನವಾದ ಫೆಬ್ರವರಿ 11ನ್ನು ಯುನಾನಿ ದಿನವಾಗಿ ಆಚರಿಸುತ್ತಾರೆ. ನೀವು ಯುನಾನಿ ಓದಿರಿ, ಎಂ.ಬಿ.ಬಿ.ಎಸ್. ಓದಿರಿ, ನರ್ಸಿಂಗ್ ಅಥವಾ ಫಾರ್ಮಸಿ ಓದಿರಿ. ಅದರ ಜೊತೆಗೆ ಲೆಕ್ಕವನ್ನೂ ಕಾನೂನನ್ನೂ ಕಲಿಯಿರಿ. ಲೆಕ್ಕ ತಿಳಿಯದ ದಯೆ ಆಸ್ಪತ್ರೆಯನ್ನು ಮುಚ್ಚಿಸುತ್ತದೆ, ದಯೆಯಿಲ್ಲದ ಲೆಕ್ಕ ಅದನ್ನು ಅಂಗಡಿಯಾಗಿಸುತ್ತದೆ. ಸದಸ್ಯ ಬಂಧುಗಳೇ, ನಾವು ಚಿಕಿತ್ಸಾಲಯ ತೆರೆಯುವ ಮಾತಾಡುವಾಗ ಉದ್ಘಾಟನೆಯ ದಿನವನ್ನಷ್ಟೇ ಯೋಚಿಸದೆ, ದಾನಿ ಇಲ್ಲದ ಹತ್ತನೆಯ ವರ್ಷವನ್ನೂ ಯೋಚಿಸೋಣ. ಖಿದ್ಮತೆ ಖಲ್ಕ್‌ನ ಈ ದಾರಿಯಲ್ಲಿ ನಡೆಯುವ ಶಕ್ತಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್.